ಮಾಡ್ಸೋಣ ಬಿಡಿ

ನಮ್ಮ ಬೀದಿಯಲ್ಲಿ ಅವರಿಗೆ ಹೆಸರಿಲ್ಲ. ಅಣ್ಣ, ಅಷ್ಟೇ. ಎಂಬತ್ತು ದಾಟಿದ ಅಜ್ಜಿಗೂ ಅಣ್ಣ, ಪಿ.ಜಿ.ಯ ಒಡಿಶಾ ಹುಡುಗನಿಗೂ ಅಣ್ಣ. ಎದುರಿಗೆ ನಾಲ್ಕು ಜನ ಇದ್ದರೆ ಅವರ ಒಡಹುಟ್ಟಿದ ಅಣ್ಣನೂ ಅವರನ್ನು ಅಣ್ಣ ಎಂದೇ ಕರೆಯುತ್ತಾರೆ. ವೈಟ್‌ಫೀಲ್ಡಿನಿಂದ ವರ್ತೂರಿನವರೆಗೆ ಯಾವ ತಿರುವಿನಲ್ಲಿ ಕಲ್ಲೆಸೆದರೂ ಒಬ್ಬ ಅಣ್ಣನಿಗೆ ತಾಗುತ್ತದೆ. ಇದು ನಮ್ಮ ತಿರುವಿನ ಅಣ್ಣನ ಕತೆ.

ನಾನು ಈ ಬಾಡಿಗೆ ಮನೆಗೆ ಬಂದ ವಾರವೇ ಬೋರ್‌ವೆಲ್ ಕೈಕೊಟ್ಟಿತು. ಫೋನ್ ಮಾಡಿದರೆ ಟ್ಯಾಂಕರ್ ಹಿಂದೆ ಬುಲೆಟ್ಟಿನಲ್ಲಿ ಅಣ್ಣನೇ ಬಂದರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಚಪ್ಪಲಿ.

"ಯಾವೂರು ಸಾರ್?"

"ತುಮಕೂರು."

"ವೋಟು?"

"ಇಲ್ಲಿಗೇ ಹಾಕಿಸ್ಕೊಂಡಿದೀನಿ. ಮನೇಲಿ ನಾಲ್ಕು ವೋಟು."

ಅಣ್ಣನ ಮುಖ ಅರಳಿತು. ನಾನು ಪರ್ಸು ತೆಗೆಯುವಷ್ಟರಲ್ಲಿ ಕೈ ಹಿಡಿದುಕೊಂಡರು. "ಇರ್ಲಿ ಸಾರ್, ಎಲ್ಲಿಗೋಗ್ತೀರ. ಬರ್ಕೊಳೋಣ." ಡ್ರೈವರು ಸೀಟಿನಡಿಯಿಂದ ಉದ್ದನೆಯ ಲೆಕ್ಕದ ಪುಸ್ತಕ ತೆಗೆದ. ಎಡಗಡೆ ಹೆಸರು, ನಡುವೆ ಎಷ್ಟು ಲೋಡು, ಬಲತುದಿಯಲ್ಲಿ ಕೆಂಪು ಇಂಕಿನಲ್ಲಿ ಒಂದು ಅಂಕಿ. ನನ್ನ ಸಾಲಿನಲ್ಲಿ ಕೆಂಪು 4 ಬಿತ್ತು. ಮೇಲ್ಮನೆಯ ವಿಜಯವಾಡದ ದಂಪತಿಯ ಸಾಲಿನಲ್ಲಿ ಕೆಂಪು ಸೊನ್ನೆ. ಅವರಿಗೆ ಪೈಪು ಬಿಚ್ಚುವ ಮೊದಲೇ ಕಾಸು ಎಣಿಸಬೇಕಿತ್ತು.

ಡಿ.ಎಸ್. ವೈಟ್ ಎಂಬಾತ 1882ರಲ್ಲಿ ಆಂಗ್ಲೋ ಇಂಡಿಯನ್ನರು ಬೇಸಾಯ ಮಾಡಿಕೊಂಡಿರಲಿ ಎಂದು ಕಟ್ಟಿಸಿದ ಊರು ನಮ್ಮ ವೈಟ್‌ಫೀಲ್ಡ್. ಈಗ ಇಲ್ಲಿ ಬೇಸಾಯ ಉಳಿದಿರುವುದು ಅಣ್ಣನ ಕಾಗದಗಳಲ್ಲಿ. ವೃತ್ತಿ ಎಂಬಲ್ಲಿ ಇವತ್ತಿಗೂ 'ಕೃಷಿ' ಎಂದೇ ಬರೆಯುತ್ತಾರೆ. ತೊಂಬತ್ತರ ದಶಕದಲ್ಲಿ ಐಟಿಪಿಎಲ್ ಟೆಕ್ ಪಾರ್ಕು ಎದ್ದಾಗ ಅವರಪ್ಪ ರಾಗಿ ಹೊಲವನ್ನು ಮಾರಿ, ಬಂದ ದುಡ್ಡಲ್ಲಿ ಮೂರು ಮದುವೆ ಮಾಡಿ ಕೈತೊಳೆದುಕೊಂಡರು. ಮಾರದೆ ಉಳಿದದ್ದು ಒಂದು ಮೂಲೆ ತುಂಡು. ಅದರಲ್ಲಿ ಬೋರ್ ಹಾಕಿಸಿದರೆ ನೀರು ಚಿಮ್ಮಿತು. ಒಂದು ಟ್ಯಾಂಕರ್ ಎಂಟಾಯಿತು. ಆಮೇಲೆ ಜೆಸಿಬಿ, ಆಮೇಲೆ ಕೇಬಲ್ಲು, ಆಮೇಲೆ ಮೂರು ಪಿ.ಜಿ. ಸರ್ಕಾರ ಏನೇನು ಕೊಡಲಿಲ್ಲವೋ ಅದನ್ನೆಲ್ಲ ಅಣ್ಣ ಮಾರಿದರು. ಕೊನೆಗೆ, ಸರ್ಕಾರ ಏಕೆ ಕೊಡುತ್ತಿಲ್ಲ ಎಂದು ಕೇಳಲು ರಾಜಕೀಯಕ್ಕೆ ಬಂದರು.

2007ರಲ್ಲಿ ನೂರಾಹತ್ತು ಹಳ್ಳಿಗಳನ್ನು ಬಿಬಿಎಂಪಿಗೆ ಸೇರಿಸಿದರಲ್ಲ, ಅಂದಿನಿಂದ ಅಣ್ಣನ ಬೇಡಿಕೆ ಒಂದೇ: ಕಾವೇರಿ ನೀರು ಬರಲೇಬೇಕು. ಬೆಳಗ್ಗೆ ನಾಲ್ಕಕ್ಕೆ ಟ್ಯಾಂಕರುಗಳನ್ನು ಕಳಿಸಿ, ಹತ್ತಕ್ಕೆ ಖಾಲಿ ಕೊಡ ಹಿಡಿದ ಹೆಂಗಸರೊಂದಿಗೆ ರಸ್ತೆಯಲ್ಲಿ ಕೂರುತ್ತಿದ್ದರು. ಧರಣಿ ಕೂತವರಿಗೆ ಬಾಯಾರಿದರೆ ಅಣ್ಣನ ಟ್ಯಾಂಕರೇ ಬರುತ್ತಿತ್ತು. ಧರಣಿ ಮುಗಿದ ಮೇಲೆ ಆ ಖಾಲಿ ಕೊಡಗಳು ತುಂಬುತ್ತಿದ್ದುದೂ ಅದರಿಂದಲೇ. 2024ರ ಮಾರ್ಚಿನ ಬರದಲ್ಲಿ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಕಟ್ಟಿತು. ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ. ಅಣ್ಣ ಅದನ್ನು ಸ್ವಾಗತಿಸಿ ಅವತ್ತೇ ಫ್ಲೆಕ್ಸ್ ಕಟ್ಟಿಸಿದರು. ಮಾರನೆಯ ದಿನ ಎಂಟೂ ಟ್ಯಾಂಕರುಗಳು ಒಟ್ಟಿಗೇ ಸರ್ವಿಸಿಗೆ ಹೋದವು.

ಫ್ಲೆಕ್ಸಿನ ಮಾತು ಬಂತು. ಅದರಲ್ಲಿರುವ ಅಣ್ಣನ ಕೈಮುಗಿದ ಫೋಟೊ 2015ರದು. ಪಕ್ಷ ಮೂರು ಬದಲಾಗಿವೆ, ಫೋಟೊ ಅದೇ. ಹೆಗಲ ಮೇಲಿನ ಶಾಲು ಮಾತ್ರ ಕಂಪ್ಯೂಟರಿನಲ್ಲಿ ಬಣ್ಣ ಬದಲಿಸಿಕೊಳ್ಳುತ್ತದೆ. ಕೆಳಗೆ 'ಸಮಾಜ ಸೇವಕರು ಹಾಗೂ ಟಿಕೆಟ್ ಆಕಾಂಕ್ಷಿ'.

ಎಂ.ಎಲ್.ಎ. ಆಗುವ ಆಸೆ ಅಣ್ಣನಿಗೆ ಇರಲಿಲ್ಲವೆಂದಲ್ಲ. ಆದರೆ 2008ರಲ್ಲಿ ಹುಟ್ಟಿದ ನಮ್ಮ ಮಹದೇವಪುರ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರ. ಪಕ್ಕದ ಆನೇಕಲ್ಲೂ ಅಷ್ಟೇ. ಹೊಸಕೋಟೆ ಕಡೆ ಕಣ್ಣು ಹಾಯಿಸಿದರೆ ಅಲ್ಲಿ ಎಂ.ಟಿ.ಬಿ. ನಾಗರಾಜ್. 2018ರಲ್ಲಿ ಸಾವಿರ ಕೋಟಿಗೂ ಮೇಲೆ ಆಸ್ತಿ ತೋರಿಸಿ ಗೆದ್ದವರು, ಮರುವರ್ಷದ ಉಪಚುನಾವಣೆಯಲ್ಲಿ ಪಕ್ಷೇತರ ಶರತ್ ಬಚ್ಚೇಗೌಡರ ಎದುರು ಸೋತರು. ಆ ಸಂಜೆ ಅಣ್ಣ ಟೀ ಅಂಗಡಿಯಲ್ಲಿ ಎಲ್ಲರಿಗೂ ಬನ್ನು ಕೊಡಿಸಿದರು. "ಸಾವಿರ ಕೋಟಿ ಇಟ್ಕೊಂಡೇ ಸೋತ್ರಲ್ಲ ಸಾರ್. ಇನ್ಮೇಲೆ ನಾನು ಸೋತ್ರೆ ಮರ್ಯಾದೆ ಹೋಗಲ್ಲ."

ನಂದನ್ ನಿಲೇಕಣಿಯವರ ವಿಷಯದಲ್ಲಿ ಮಾತ್ರ ಅಣ್ಣನಿಗೆ ನಿಜವಾದ ಸಂಕಟ. 2014ರಲ್ಲಿ ದಂಪತಿಯ ಹೆಸರಲ್ಲಿ ಸುಮಾರು 7,700 ಕೋಟಿ ಘೋಷಿಸಿ ಬೆಂಗಳೂರು ದಕ್ಷಿಣಕ್ಕೆ ನಿಂತು, ಅನಂತಕುಮಾರ್ ಎದುರು 2.28 ಲಕ್ಷ ಮತಗಳಿಂದ ಸೋತರು. "ಕಂಪನಿ ಇರೋದು ಎಲೆಕ್ಟ್ರಾನಿಕ್ ಸಿಟೀಲಿ. ಅದು ಸೇರೋದು ಬೆಂಗಳೂರು ಗ್ರಾಮಾಂತರ ಲೋಕಸಭೆಗೆ. ಗೇಟಲ್ಲಿರೋ ಸೆಕ್ಯೂರಿಟಿ ವೋಟೂ ಬೀಳಲ್ಲ. ಒಂದ್ ಮಾತು ನನ್ನ ಕೇಳ್ಬೇಕಿತ್ತು," ಎಂದು ತಲೆಯಾಡಿಸುತ್ತಾರೆ. ಆಧಾರ್ ಕೊಟ್ಟವರ ಹತ್ತಿರ ಇಂಥದ್ದೊಂದು ಕೆಂಪು ಇಂಕಿನ ಪುಸ್ತಕ ಇರಲಿಲ್ಲವಲ್ಲ ಎಂಬ ಮರುಕ.

ಹಾಗಾಗಿ ಅಣ್ಣನ ಗುರಿ ಕಾರ್ಪೊರೇಟರ್. 2015ರಲ್ಲಿ ಪಕ್ಷ 'ಮುಂದಿನ ಸಲ' ಎಂದಿತು. ಅಣ್ಣ ನಂಬಿ ಬಂಡವಾಳ ಹಾಕಿದರು. ಮಾರ್ಗಶಿರದಲ್ಲಿ ಓಂಶಕ್ತಿಗೆ ಹೋಗುವ ಕೆಂಪು ಸೀರೆಯವರಿಗೆ ಬಸ್ಸು, ಗೌರಿ ಹಬ್ಬಕ್ಕೆ ಬಾಗಿನ, ಅಣ್ಣಮ್ಮ ಕೂರಿಸಲು ಪೆಂಡಾಲು, ಹುಡುಗರಿಗೆ ಟೆನಿಸ್ ಬಾಲ್ ಟೂರ್ನಮೆಂಟು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಮುಂದಿನ ಐದು ವರ್ಷ ಚುನಾವಣೆಯೇ ಬರಲಿಲ್ಲ! ಅಂಗಡಿಗೆ ಅಡ್ವಾನ್ಸ್ ಕೊಟ್ಟು, ಮಾಲು ತುಂಬಿ, ಬೋರ್ಡು ಬರೆಸಿ, ಶಟರ್ ಎತ್ತಲು ಬೀಗದ ಕೈಯೇ ಇಲ್ಲದ ವ್ಯಾಪಾರಿಯ ಸ್ಥಿತಿ. 198 ಇದ್ದ ವಾರ್ಡುಗಳು 243 ಆದವು, ಮತ್ತೆ 225 ಆದವು. 2022ರ ಮೀಸಲಾತಿ ಪಟ್ಟಿಯಲ್ಲಿ ನಮ್ಮ ವಾರ್ಡು ಮಹಿಳೆಗೆ ಹೋಯಿತು. ರಾತ್ರಿ ಬೆಳಗಾಗುವುದರೊಳಗೆ ಅಣ್ಣನ ಹೆಂಡತಿ ಕಂಬಕಂಬದಲ್ಲೂ 'ಅಕ್ಕ' ಆಗಿ ಕೈಮುಗಿದು ನಿಂತರು. "ಧಾರಾವಾಹಿ ಟೈಮಲ್ಲಿ ಪ್ರಚಾರಕ್ಕೆ ಬರಲ್ಲ" ಎಂಬುದೊಂದೇ ಆಕೆಯ ಷರತ್ತು. ಸೆಪ್ಟೆಂಬರಿನ ಕೊನೆಗೆ ಹೈಕೋರ್ಟು ಆ ಪಟ್ಟಿಯನ್ನೇ ರದ್ದು ಮಾಡಿತು. ಅಕ್ಕ ಕಂಬದಿಂದ ಇಳಿದರು. ಪ್ರಚಾರಕ್ಕೆಂದು ತೆಗೆದ ಆರು ರೇಷ್ಮೆ ಸೀರೆ ಮಾತ್ರ ಬೀರುವಿನಿಂದ ಇಳಿಯಲಿಲ್ಲ.

2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಯಿತು. 'ಆಧುನಿಕ ಭಗೀರಥ' ಎಂಬ ಫ್ಲೆಕ್ಸಿನಲ್ಲಿ ಅಣ್ಣನ ಜಡೆಯಿಂದ ಗಂಗೆ ಇಳಿಯುತ್ತಿದ್ದಳು. ಜಡೆ ಶಿವನದಲ್ಲವೇ ಎಂದು ನಾನು ಕೇಳಲಿಲ್ಲ. ನಮ್ಮ ಗಲ್ಲಿಗೆ ಸಂಪರ್ಕ ಯಾವಾಗ ಎಂದು ಕೇಳಿದೆ.

"ಮಾಡ್ಸೋಣ ಬಿಡಿ ಸಾರ್."

ಕನ್ನಡದಲ್ಲಿ ಇಷ್ಟು ಪರಿಪೂರ್ಣವಾದ ವಾಕ್ಯ ಇನ್ನೊಂದಿಲ್ಲ. ಮಾಡೋಣ ಎಂದರೆ ಮಾಡುವುದರಲ್ಲಿ ಹೇಳಿದವನೂ ಇರುತ್ತಾನೆ. ಮಾಡ್ಸೋಣ ಎಂದರೆ ಮಾಡುವವನು ಇನ್ಯಾರೋ. ಬಿಡಿ ಎಂದ ಮೇಲೆ ಯಾರೂ ಇಲ್ಲ.

2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ನವೆಂಬರಿನಲ್ಲಿ 369 ವಾರ್ಡುಗಳ ಪಟ್ಟಿ ಬಂತು. ಅಣ್ಣ ನಕ್ಷೆಯನ್ನು ಟೀ ಅಂಗಡಿಯ ಬೆಂಚಿನ ಮೇಲೆ ಹರಡಿಕೊಂಡು ಗಡಿಯ ಗೆರೆಯ ಮೇಲೆ ಬೆರಳಾಡಿಸುತ್ತಿದ್ದರು. ಬೆರಳು ನಮ್ಮ ಬೀದಿಯ ಬೇಕರಿಯ ಹತ್ತಿರ ಬಂದು ನಿಂತಿತು. ನನ್ನನ್ನು ನೋಡಿದರು, ಏನೂ ಹೇಳಲಿಲ್ಲ.

ಮರುದಿನ ನಮ್ಮ ಮನೆಗೆ ಟ್ಯಾಂಕರ್ ಬಂತು. ನಾನು ಎಂದಿನಂತೆ ಸಂಪಿನ ಮುಚ್ಚಳ ತೆಗೆದು ನಿಂತೆ. ಡ್ರೈವರು ಪೈಪು ಬಿಚ್ಚದೆ, ಲೆಕ್ಕದ ಪುಸ್ತಕ ತೆರೆದು ತೋರಿಸಿದ. ನನ್ನ ಸಾಲಿನ ಕೆಂಪು 4ರ ಮೇಲೆ ನೀಟಾಗಿ ಸ್ಕೇಲಿಟ್ಟು ಗೆರೆ ಎಳೆದಿದ್ದರು.

"ಸಾರ್, ನೀವೀಗ ಆಕಡೆ ವಾರ್ಡಂತೆ. ಹಳೇದೂ ಸೇರ್ಸಿ ಕೊಟ್ಬಿಡಿ ಅಂದ್ರು ಅಣ್ಣ. ಫೋನ್‌ಪೇ ಆದ್ರೂ ಪರವಾಗಿಲ್ವಂತೆ."