ಕೆಂಡದ ಮುಂದೆ ಕ್ಯಾಬರ್ನೆ

ಬಿಳಿ ಮಾಂಸಕ್ಕೆ ಬಿಳಿ ವೈನು, ಕೆಂಪು ಮಾಂಸಕ್ಕೆ ಕೆಂಪು ವೈನು. ವೈನಿನ ಗಂಧಗಾಳಿ ಇಲ್ಲದವರಿಗೂ ಇಷ್ಟು ಗೊತ್ತಿರುತ್ತದೆ. ಸೀರೆಗೆ ರವಿಕೆ ಹೊಂದಿಸಿದ ಹಾಗೆ, ಕಣ್ಣಿದ್ದರೆ ಸಾಕು. ನಮ್ಮ ಮನೆಯ ಕೋಳಿ ಮಾತ್ರ ಈ ಶಾಸ್ತ್ರಕ್ಕೆ ಸಿಗುವುದಿಲ್ಲ. ಅಂಗಡಿಯಿಂದ ಬೆಳ್ಳಗೆ ಬಂದದ್ದು ಮೊಸರು, ಶುಂಠಿ, ಬೆಳ್ಳುಳ್ಳಿ, ನಿಂಬೆಹುಳಿ, ಅರೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ರಾತ್ರಿಯಿಡೀ ನೆನೆದು, ಬೆಳಗಾಗುವಷ್ಟರಲ್ಲಿ ಕೆಂಪಗೆ ತಯಾರಾಗಿರುತ್ತದೆ. ಈಗ ಇದು ಯಾವ ಮಾಂಸ?

ಈ ಪ್ರಶ್ನೆಯನ್ನು ನಾನು ನಮ್ಮ ಬೀದಿಯ ವೈನ್ ಶಾಪಿನಲ್ಲಿ ಕೇಳಿದೆ. ಬೆಂಗಳೂರಿನ ವೈನ್ ಶಾಪುಗಳಲ್ಲಿ ವೈನೊಂದು ಬಿಟ್ಟು ಮಿಕ್ಕೆಲ್ಲ ಸಿಗುತ್ತದೆ ಎನ್ನುವುದು ಲೋಕಪ್ರಸಿದ್ಧ. ಜಾಲರಿಯ ಹಿಂದಿದ್ದ ಹುಡುಗ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಸಾರ್, ಕ್ವಾರ್ಟ್ರಾ, ಫುಲ್ಲಾ?" ಅಂದ. ಕೊನೆಗೆ ದೊಡ್ಡ ಅಂಗಡಿಯೊಂದಕ್ಕೆ ಹೋಗಿ ನಂದಿಬೆಟ್ಟದ ಕಡೆಯ ಕ್ಯಾಬರ್ನೆ-ಶಿರಾಜ್ ತಂದೆ. ಬೆಂಗಳೂರು ನೀಲಿ ದ್ರಾಕ್ಷಿ ತಿಂದು ಬೀಜ ಉಗಿದುಕೊಂಡು ಸುಖವಾಗಿದ್ದ ನಮಗೆ ಫ್ರಾನ್ಸಿನ ತಳಿಗಳ ಚಪಲ ಹತ್ತಿಸಿದ್ದು, 1988ರಲ್ಲಿ ಕನ್ವಲ್ ಗ್ರೋವರ್ ಆ ಬೆಟ್ಟದ ಬುಡದಲ್ಲಿ ಶುರುಮಾಡಿದ ವೈನರಿ. ಊರಿನ ಅಭಿಮಾನವೂ ಉಳಿಯಿತು, ಫ್ರೆಂಚ್ ಹೆಸರೂ ಸಿಕ್ಕಿತು.

ಕ್ಯಾಲಿಫೋರ್ನಿಯಾದಿಂದ ರಜೆಗೆ ಬಂದಿದ್ದ ಬಾಮೈದ ಬಾಟಲಿ ನೋಡಿದವನೇ ಮುಖ ಹುಳಿ ಮಾಡಿದ. "ಭಾವ, ಬಾರ್ಬೆಕ್ಯೂ ಅಂದ್ರೆ ಜಿನ್‌ಫೆಂಡಲ್ಲೇ ಆಗಬೇಕು. ಹೋಗಲಿ ಬಿಡಿ, ಬೆಂಕಿ ನಾನು ನೋಡ್ಕೋತೀನಿ." ನೋಡಿಕೊಂಡ. ತಾರಸಿಯ ಮೇಲೆ ಇದ್ದಿಲು ಹೊತ್ತದೆ ಸತಾಯಿಸಿದಾಗ, ಸ್ಟವ್ವಿನ ಕಾಲದಿಂದ ಅಟ್ಟದ ಮೇಲಿದ್ದ ಸೀಮೆಎಣ್ಣೆ ಡಬ್ಬವನ್ನು ಹುಡುಕಿ ತಂದು ಧಾರಾಳವಾಗಿ ಅಭಿಷೇಕ ಮಾಡಿದ.

ಅದೇ ಹೊತ್ತಿಗೆ ಇತ್ತ ನಾನು ಬಾಟಲಿ ಬಿಚ್ಚಿ, ಗ್ಲಾಸಿಗೆ ಎರಡು ಬೆರಳು ಸುರಿದು, ಬೆಳಕಿಗೆ ಹಿಡಿದು, ಗಿರಿಗಿರಿ ತಿರುಗಿಸಿದೆ. ಹೆಂಡತಿ ಕಬ್ಬಿಣದ ಕಡ್ಡಿಗೆ ಕೋಳಿ ಚುಚ್ಚುವುದನ್ನು ನಿಲ್ಲಿಸಿದಳು. ಚಿಕ್ಕಪ್ಪ ಪ್ಲಾಸ್ಟಿಕ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಪಕ್ಕದ ತಾರಸಿಯಲ್ಲಿ ಹಪ್ಪಳ ತಿರುವಿಹಾಕುತ್ತಿದ್ದ ಆಂಟಿಯೂ ಸೊಂಟಕ್ಕೆ ಕೈಕೊಟ್ಟು ನಿಂತರು. ಇಷ್ಟು ಪ್ರೇಕ್ಷಕರು ಸೇರಿದ ಮೇಲೆ ಸುಮ್ಮನೆ ಕುಡಿದುಬಿಡುವುದು ಹೇಗೆ? ಮೂಗನ್ನು ಗ್ಲಾಸಿನೊಳಕ್ಕೆ ಇಳಿಸಿದೆ. ಕನ್ನಡಕ ಅಂಚಿಗೆ ತಾಗಿ ಟಣ್ ಎಂದಿತು. ಕಣ್ಣು ಮುಚ್ಚಿದೆ. ಪುಸ್ತಕಗಳ ಪ್ರಕಾರ ಕ್ಯಾಬರ್ನೆಯಲ್ಲಿ ಬ್ಲ್ಯಾಕ್‌ಕರಂಟ್ ಹಣ್ಣಿನ ಪರಿಮಳ ಸಿಗಬೇಕು. ಆ ಹಣ್ಣನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಅದೇ ಹೆಸರಿನ ಐಸ್‌ಕ್ರೀಮು ಗೊತ್ತು, ಅದಕ್ಕಿರುವುದು ನೇರಳೆ ಬಣ್ಣದ ವಾಸನೆ. ಆದರೂ ಹುಡುಕಿದೆ. ಎಡಹೊಳ್ಳೆಯಲ್ಲಿ ಹುಡುಕಿದೆ, ಬಲಹೊಳ್ಳೆಯಲ್ಲಿ ಹುಡುಕಿದೆ. ಸಿಗಾರ್ ಪೆಟ್ಟಿಗೆಯ ವಾಸನೆಯೂ ಬರಬಹುದಂತೆ. ಸಿಗಾರ್ ಪೆಟ್ಟಿಗೆಯೊಳಗೆ ತಲೆ ಹಾಕಿದ ಅನುಭವವೂ ನನಗಿಲ್ಲ. ಗಾಳಿ ದಿಕ್ಕು ಬದಲಿಸಿತು. ಇನ್ನೊಂದು ಸಲ ದೀರ್ಘವಾಗಿ ಎಳೆದುಕೊಂಡೆ. ಈ ಸಲ ಸ್ಪಷ್ಟವಾಗಿ, ತುಂಬಿಕೊಂಡು ಬಂತು.

"ಏನಾದ್ರೂ ಸಿಕ್ತೇನೋ?" ಅಂದರು ಚಿಕ್ಕಪ್ಪ.

"ಸೀಮೆಎಣ್ಣೆ."

ಬಾಮೈದನ ಕಣ್ಣು ಅರಳಿತು. "ಭಾವ, ಸೂಪರ್! ಹಳೇ ರೀಸ್ಲಿಂಗ್‌ನಲ್ಲಿ ಪೆಟ್ರೋಲ್ ವಾಸನೆ ಬರುತ್ತೆ. ಅದನ್ನ ದೊಡ್ಡ ಗುಣ ಅಂತಾರೆ ಗೊತ್ತಾ?" ಅವನು ಹೇಳಿದ್ದು ನಿಜವೇ. ಆದರೆ ರೀಸ್ಲಿಂಗ್ ಬಿಳಿ ವೈನು, ನನ್ನ ಕೈಲಿದ್ದದ್ದು ಕೆಂಪು. ಡಬ್ಬ ಅವನ ಕಾಲಬುಡದಲ್ಲೇ ಇತ್ತು.

ಊಟದ ಕಥೆ ಚಿಕ್ಕದು. ಬ್ಯಾಡಗಿ ಬಣ್ಣ ಕೊಡುತ್ತದೆಯೇ ಹೊರತು ಖಾರ ಸಾಲದು ಎಂದು ನನ್ನಾಕೆ ಹಿಡಿಯಷ್ಟು ಗುಂಟೂರನ್ನೂ ಸೇರಿಸಿದ್ದಳು. ಕೆಂಪು ವೈನಿನ ಒಗರು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ನಾಲಿಗೆಯನ್ನು ಒಣಗಿಸುತ್ತದೆ. ಕೊಬ್ಬಿರುವ ಮಟನ್ ಸೀಕ್ ಜೊತೆಗಿದ್ದರೆ ಆ ಒಗರು ಮೆತ್ತಗಾಗುತ್ತದೆ, ಚರ್ಮ ಸುಲಿದ ಕೋಳಿಗೆ ಆ ಶಕ್ತಿ ಎಲ್ಲಿಂದ? ಆಲ್ಕೋಹಾಲಂತೂ ಖಾರದ ಉರಿಯನ್ನು ತಣಿಸುವುದಿಲ್ಲ, ಕೆದಕುತ್ತದೆ. ಅಮೆರಿಕದವರು ಪಕ್ಕೆಲುಬಿಗೆ ಸಕ್ಕರೆ ಪಾಕದ ಸಾಸು ಬಳಿದು ಹಣ್ಣುಹಣ್ಣಾದ ಜಿನ್‌ಫೆಂಡಲ್ ಕುಡಿಯುತ್ತಾರೆಂದರೆ ಅವರು ಗುಂಟೂರನ್ನು ಕಂಡಿಲ್ಲ. ಸಾಲದ್ದಕ್ಕೆ, ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ನಿಯಮ ಬೇರೆ. ಆ ಕೋಣೆ ಯುರೋಪಿನದು, ಹದಿನಾರೋ ಹದಿನೆಂಟೋ ಡಿಗ್ರಿಯದು. ನಮ್ಮದು ಏಪ್ರಿಲ್ ತಿಂಗಳ ತಾರಸಿ. ವೈನು ಕಷಾಯದ ಹದಕ್ಕೆ ಬಂದಿತ್ತು. ಚಿಕ್ಕಪ್ಪ ಏನೂ ಮಾತಾಡದೆ ಕೆಳಗಿಳಿದು ಹೋಗಿ, ಫ್ರಿಜ್ಜಿನಿಂದ ಐಸ್ ಟ್ರೇ ತಂದು, ತಮ್ಮ ಗ್ಲಾಸಿಗೆ ನಾಲ್ಕು ತುಂಡು ಉದುರಿಸಿಕೊಂಡರು. ಬಾಮೈದ ಮುಖ ಆಚೆ ತಿರುಗಿಸಿದ.

ಮಾರನೆಯ ಬೆಳಿಗ್ಗೆ ಪಾತ್ರೆ ತೊಳೆಯುವಾಕೆ ಗ್ಲಾಸುಗಳನ್ನು ಹುಷಾರಾಗಿ ಬೋರಲು ಹಾಕುತ್ತಾ, ಬಾಟಲಿಗೆ ಎಷ್ಟಾಯಿತೆಂದು ಕೇಳಿದಳು. ನಾನು ಅರ್ಧ ಬೆಲೆ ಹೇಳಿದೆ. ಅದಕ್ಕೇ ಅವಳ ಕೈ ನಿಂತಿತು. 2007ರಲ್ಲಿ ಸರ್ಕಾರ ಸಾರಾಯಿ ನಿಷೇಧಿಸಿತು, ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಪ್ಯಾಕೆಟ್ಟು ನಿಂತ ಮೇಲೆ ಇವಳ ಗಂಡ ಕ್ವಾರ್ಟರಿಗೆ ಬಂದ, ನಾನು ವೈನಿಗೆ ಬಂದೆ. ಅವನದಕ್ಕೆ ಚಟ ಅನ್ನುತ್ತಾರೆ, ನನ್ನದಕ್ಕೆ ಅಭಿರುಚಿ. ಇದನ್ನು ಬಾಮೈದನಿಗೆ ಹೇಳಿದರೆ, "ವೈನು ಹಾರ್ಟಿಗೆ ಒಳ್ಳೇದು ಭಾವ" ಅನ್ನಬೇಕೆ! ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕುಡಿಯುವವರು ಕುಡಿಯಲಿ, ಅದಕ್ಕೆ ಡಾಕ್ಟರ ಚೀಟಿ ಯಾಕೆ?

ಮುಂದಿನ ಸಲಕ್ಕೆ ಏರ್ಪಾಟು ಸಿದ್ಧವಾಗಿದೆ. ಕೋಳಿಗೆ ನಾಸಿಕ್ಕಿನ ಚೆನಿನ್ ಬ್ಲಾಂಕ್, ತುಸು ಸಿಹಿಯಿರುವಂಥದ್ದು, ಚೆನ್ನಾಗಿ ತಣ್ಣಗಾಗಿರಬೇಕು. ಸಿಹಿ ಖಾರವನ್ನು ಸಂಭಾಳಿಸುತ್ತದೆ, ವೈನಿನ ಹುಳಿ ಮೊಸರು-ನಿಂಬೆಗೆ ಸರಿಸಾಟಿಯಾಗುತ್ತದೆ. ಕೆಂಪನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಮಟನ್ನಿಗೆ. ಗುಂಟೂರು ಅಡುಗೆಮನೆಯಲ್ಲೇ ಇರತಕ್ಕದ್ದು. ಬೆಂಕಿ ಹೊತ್ತಿಸಲು ತೆಂಗಿನ ಕರಟ ಕೂಡಿಡುತ್ತಿದ್ದೇನೆ.

ಚಿಕ್ಕಪ್ಪನಿಗೆ ಇದೊಂದೂ ಬೇಡ. ಐಸಿನ ಜೊತೆಗೆ ಈ ಸಲ ಸೋಡಾನೂ ಇರಲಿ ಎಂದು ಫೋನಿನಲ್ಲಿ ತಾಕೀತು ಮಾಡಿದ್ದಾರೆ. ಬೇಸಿಗೆಯಲ್ಲಿ ಸ್ಪೇನಿನವರೂ ಕೆಂಪು ವೈನಿಗೆ ಐಸು, ಸೋಡಾ ಬೆರೆಸಿ ಕುಡಿಯುತ್ತಾರೆ, ಅದನ್ನು ಟಿಂಟೊ ದೆ ವೆರಾನೊ ಅನ್ನುತ್ತಾರೆ ಎಂದು ತಿಳಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು:

"ಅಲ್ವೋ, ಅವರಿಗೆ ಯಾರು ಹೇಳಿದ್ದು?"