ಬಾಂಬಿಗೊಂದು ಮುನ್ನುಡಿ

ಮುನ್ನುಡಿಕಾರರು ಪುಸ್ತಕವನ್ನು ಕೊನೆಯವರೆಗೆ ಓದುವುದಿಲ್ಲವೆಂಬ ಗೊಣಗಾಟ ಕನ್ನಡದಲ್ಲಿ ಹಳೆಯದು. ಸಮಾಧಾನ ಮಾಡಿಕೊಳ್ಳಿ, ಪ್ಯಾರಿಸ್ಸಿನ ಮೇಲೂ ಇದೇ ಅನುಮಾನವಿದೆ. 1961ರಲ್ಲಿ ಫ್ರಾಂಟ್ಜ್ ಫ್ಯಾನನ್‌ನ ‘ದಿ ರೆಚೆಡ್ ಆಫ್ ದಿ ಅರ್ಥ್’ ಪುಸ್ತಕಕ್ಕೆ ಫ್ರೆಂಚ್ ದಾರ್ಶನಿಕ ಸಾರ್ತ್ರ್ ಮುನ್ನುಡಿ ಬರೆದ. ವಸಾಹತಿನವನೊಬ್ಬ ಯುರೋಪಿನವನನ್ನು ಕೊಂದರೆ ಒಂದೇ ಗುಂಡಿಗೆ ಎರಡು ಲಾಭ ಎಂದು ಲೆಕ್ಕ ತೋರಿಸಿದ: ದಬ್ಬಾಳಿಕೆಗಾರನೂ ಹೋದ, ಗುಲಾಮನೂ ಹೋದ. ದೀಪಾವಳಿ ಸೇಲಿನಲ್ಲೂ ಇಷ್ಟು ಸಿಗುವುದಿಲ್ಲ.

ಫ್ಯಾನನ್ ಮನೋವೈದ್ಯ. ಹಿಂಸೆಯಿಂದ ದಾಸ್ಯದ ಕೀಳರಿಮೆ ಕಳೆಯುತ್ತದೆಂದು ಮೊದಲ ಅಧ್ಯಾಯದಲ್ಲಿ ಅವನೂ ಬರೆದದ್ದುಂಟು. ಆದರೆ ಕಡೆಗೊಂದು ಉದ್ದದ ಅಧ್ಯಾಯದಲ್ಲಿ ತನ್ನ ರೋಗಿಗಳನ್ನು ಸಾಲಾಗಿ ಕೂರಿಸಿದ. ಠಾಣೆಯಲ್ಲಿ ಚಿತ್ರಹಿಂಸೆ ಕೊಟ್ಟು ಕೊಟ್ಟು, ಮನೆಯಲ್ಲಿ ಹೆಂಡತಿ ಮಕ್ಕಳನ್ನೂ ಬಡಿಯತೊಡಗಿದ ಪೊಲೀಸ್ ಅಧಿಕಾರಿ ಅಲ್ಲಿದ್ದಾನೆ. ಕೆಫೆಯಲ್ಲಿ ಬಾಂಬಿಟ್ಟು, ತನ್ನ ನಾಡಿಗೆ ಸ್ವಾತಂತ್ರ್ಯ ಬಂದಮೇಲೂ ವರ್ಷವರ್ಷ ಅದೇ ದಿನಾಂಕಕ್ಕೆ ನಿದ್ದೆಗೆಡುವ ಹೋರಾಟಗಾರನೂ ಇದ್ದಾನೆ. ಮುನ್ನುಡಿಯ ಲಾಭದ ಲೆಕ್ಕದಲ್ಲಿ ಈ ನಿದ್ದೆಗೆ ಕಾಲಂ ಇಲ್ಲ.

ಹಾಗೆಂದು ಸಾರ್ತ್ರ್ ಸಡಿಲ ಮೇಷ್ಟ್ರಲ್ಲ. 1943ರ ತನ್ನ ದೊಡ್ಡ ಗ್ರಂಥದಲ್ಲಿ ಕೆಫೆಯ ಮಾಣಿಯೊಬ್ಬನನ್ನು ನಿಲ್ಲಿಸಿ ವಿಚಾರಣೆಯನ್ನೇ ನಡೆಸಿದ್ದಾನೆ: ನೀನು ಮಾಣಿಯ ಪಾತ್ರವನ್ನು ತುಸು ಅತಿಯಾಗಿ ಆಡುತ್ತಿದ್ದೀಯ, ಇದು ಆತ್ಮವಂಚನೆ. ಅವರವರ ಆಯ್ಕೆಗೆ ಅವರವರೇ ಹೊಣೆ, ನೆಪ ನಡೆಯದು. ಕಾಫಿ ತಂದುಕೊಟ್ಟವನಿಗೆ ಇಷ್ಟು ಬಿಗಿ ಕಾನೂನು! ಅದೇ ಸಾರ್ತ್ರ್ 1954ರಲ್ಲಿ ಸೋವಿಯತ್ ಒಕ್ಕೂಟ ಸುತ್ತಿ ಬಂದು, ಅಲ್ಲಿ ಟೀಕೆಗೆ ಪೂರ್ಣ ಸ್ವಾತಂತ್ರ್ಯವಿದೆ ಎಂದು ಪತ್ರಿಕೆಗೆ ಹೇಳಿದ. ಎಷ್ಟೋ ವರ್ಷಗಳ ಮೇಲೆ, ಹೌದು, ಸುಳ್ಳಾಡಿದೆ ಎಂದ. ಮಾಣಿಯ ಕ್ಷಮೆ ಕೇಳಿದ ದಾಖಲೆಯಿಲ್ಲ.

ಹಿಂಸೆಯ ಇಂಥ ಲೆಕ್ಕವನ್ನು ಮೊದಲೇ ಪ್ರಶ್ನಿಸಿದವನು ಫ್ರೆಂಚ್ ಸಾಹಿತಿ ಕಾಮು. ನಾಳಿನ ಸ್ವರ್ಗದ ಹೆಸರಿನಲ್ಲಿ ಇಂದಿನ ಕೊಲೆಗೆ ರಸೀದಿ ಬರೆಯಬೇಡಿ ಎಂದು ಪುಸ್ತಕ ಬರೆದದ್ದಕ್ಕೆ 1952ರಲ್ಲಿ ಸಾರ್ತ್ರನೊಂದಿಗಿನ ಗೆಳೆತನವೇ ಹರಿಯಿತು. ಅವನ ಮೆಚ್ಚಿನ ಕ್ರಾಂತಿಕಾರಿ ರಷ್ಯಾದ ಕಾಲ್ಯಾಯೆವ್. 1905ರಲ್ಲಿ ತ್ಸಾರನ ಚಿಕ್ಕಪ್ಪನ ಗಾಡಿಯಲ್ಲಿ ಇಬ್ಬರು ಮಕ್ಕಳಿರುವುದನ್ನು ಕಂಡು ಬಾಂಬೆಸೆಯದೆ ಕೈ ಇಳಿಸಿದ, ಎರಡು ದಿನ ಬಿಟ್ಟು, ಮಕ್ಕಳಿಲ್ಲದಾಗ ಎಸೆದ, ನೇಣಿಗೇರಿದ. ಜೀವಕ್ಕೆ ಜೀವ ಕೊಟ್ಟನೆಂದು ಕಾಮು ಅವನ ಮೇಲೆ ನಾಟಕವನ್ನೇ ಬರೆದ. ಗಾಡಿ ಹೊಡೆಯುತ್ತಿದ್ದವನೂ ಗಾಯದಿಂದ ಸತ್ತನಲ್ಲ, ಅವನ ಸಲುವಾಗಿ ಯಾವ ಕೈಯೂ ಇಳಿಯಲಿಲ್ಲ. ಹುಟ್ಟುನಾಡು ಅಲ್ಜೀರಿಯಾ ಫ್ರೆಂಚ್ ಆಳ್ವಿಕೆಯ ವಿರುದ್ಧದ ಹೋರಾಟದಲ್ಲಿ ಹೊತ್ತಿ ಉರಿದಾಗ ಕಾಮು ಕೂಡ 1956ರಲ್ಲಿ ಒಂದು ಶಾಂತಿಮನವಿ ಮಾಡಿ, ಅದು ಬಿದ್ದುಹೋದಮೇಲೆ ಬಹುಮಟ್ಟಿಗೆ ಬಾಯಿ ಮುಚ್ಚಿದ. ಶುದ್ಧ ಕೈಯೆಂದರೆ ಕೆಲವೊಮ್ಮೆ ಜೇಬಿನಲ್ಲಿಟ್ಟ ಕೈ.

ಇವರ ನಡುವೆ ಫ್ರಾನ್ಸಿಸ್ ಜಾನ್ಸನ್ ಎಂಬವನಿದ್ದ. ಕಾಮುವಿನ ಆ ಪುಸ್ತಕವನ್ನು ಸಾರ್ತ್ರನ ಪತ್ರಿಕೆಯಲ್ಲಿ ಹರಿದು ಹಾಕಿದವನು ಇವನೇ. ಆದರೆ ಆಡಿದ್ದನ್ನು ಮಾಡಿದ. ಅಲ್ಜೀರಿಯಾದ ಹೋರಾಟಗಾರರ ಹಣವನ್ನು ಸೂಟ್‌ಕೇಸುಗಳಲ್ಲಿ ಸಾಗಿಸುವ ಗುಪ್ತ ಜಾಲ ಕಟ್ಟಿದ. 1960ರಲ್ಲಿ ನ್ಯಾಯಾಲಯ ಅವನ ಗೈರುಹಾಜರಿಯಲ್ಲೇ 10 ವರ್ಷ ಸಜೆ ವಿಧಿಸಿತು. ಆ ವಿಚಾರಣೆಯಲ್ಲಿ ಸಾರ್ತ್ರನ ಪತ್ರವೊಂದನ್ನು ಓದಲಾಯಿತು: ಕೇಳಿದ್ದರೆ ನಾನೂ ಸೂಟ್‌ಕೇಸು ಹೊರುತ್ತಿದ್ದೆ ಎಂಬರ್ಥದ ಧೀರ ಪತ್ರ. ಸಾರ್ತ್ರ್ ಆಗ ಬ್ರೆಜಿಲ್ ಪ್ರವಾಸದಲ್ಲಿದ್ದ. ಅವನ ಒಪ್ಪಿಗೆಯ ಮೇಲೆ ಪತ್ರ ಬರೆದವರು ಗೆಳೆಯರು. ಸಹಿಯೂ ಬೇರೆಯವರ ಕೈಯದೇ.