ಮೀಟರ್ ಕಾಕಾ

ಹಂಪಿ ಸೀಮೆಯಲ್ಲಿ ಹೊಸಬರು ಸಿಕ್ಕರೆ 'ಯಾರ ಪೈಕಿ, ಯಾವ ಓಣಿ' ಎಂದು ಕೇಳುವುದು ವಾಡಿಕೆ. ಮೀಟರ್ ಕಾಕಾ ಅದನ್ನೆಲ್ಲ ಕೇಳುವುದಿಲ್ಲ. 'ನಿಂದು ಎಷ್ಟನೇ ಮೀಟರ್ ತಮ್ಮಾ?' ಎನ್ನುತ್ತಾರೆ. ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಇಡೀ ಮನುಷ್ಯಕುಲವನ್ನು ಕಾಕಾ ಈ ಎರಡು ಪಂಗಡಗಳಲ್ಲಿ ವಿಂಗಡಿಸಿಟ್ಟಿದ್ದಾರೆ. ಮಗನಿಗೆ ಹೆಣ್ಣು ನೋಡಲು ಹೋದಾಗ ಜಾತಕವನ್ನೂ ಕೇಳಲಿಲ್ಲವಂತೆ. ಬೀಗರ ಹಿತ್ತಲಿನಿಂದ ಗುಡಿಗೆ ಕಣ್ಣಳತೆ ಹಾಕಿ, 'ನಿಷೇಧಿತದಾಗ ಅದಾರ, ನಮ್ಮಂಥ ಮಂದಿ' ಎಂದು ಒಪ್ಪಿ ಬಂದರಂತೆ.

ಆ ಮದುವೆಯೇ ಎಲ್ಲಕ್ಕೂ ಮೂಲ. ಸೊಸೆ ಬರುತ್ತಾಳೆ, ಮನೆಯ ಹಿಂಬದಿಗೆ ಒಂದು ಕೋಣೆ, ಅದಕ್ಕೊಂದು ಬಚ್ಚಲು ಜೋಡಿಸಬೇಕೆಂದು ಅರ್ಜಿ ಹಾಕಿದರು. ಈಗ ಮೊಮ್ಮಗ ಅಂಗನವಾಡಿಗೆ ಹೋಗುತ್ತಿದ್ದಾನೆ; ಕೋಣೆ ಇನ್ನೂ ಕಾಕಾನ ಚೀಲದಲ್ಲೇ ಇದೆ.

ಚೀಲವೆಂದರೆ ಕಂಕುಳು ಬಿಡದ ನೀಲಿ ರೆಕ್ಸಿನ್ ಚೀಲ. ಅದರಲ್ಲಿ ಫಾರಂ 9, ಫಾರಂ 11, ಕರ ಕಟ್ಟಿದ ರಸೀದಿ, ಎಂಜಿನಿಯರ್ ಬರೆದ ನಕ್ಷೆ. ಪುರಾತತ್ವದವರಿಗೆ ಒಂದು ಪ್ರತಿ, 29 ಹಳ್ಳಿಗಳನ್ನು ನೋಡಿಕೊಳ್ಳುವ ಹಂಪಿ ಪ್ರಾಧಿಕಾರಕ್ಕೆ ಒಂದು, ಪಂಚಾಯ್ತಿಗೆ ಒಂದು, ಚಹಾದಂಗಡಿಯಲ್ಲಿ ತೋರಿಸಲು ಒಂದು. ನಿಷೇಧಿತ ವಲಯದಲ್ಲಿ ಹೊಸದು ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯಾದರೆ ದುರಸ್ತಿಗೆ ಅನುಮತಿ ಕೇಳಬಹುದು. ಹಾಗಾಗಿ ಕಾಕಾ ಕೋಣೆಗೂ ದುರಸ್ತಿ ಎಂದೇ ಹೆಸರಿಟ್ಟರು: 'ಹಿಂದಿನ ಗೋಡಿ ದುರಸ್ತಿ ಮಾಡ್ತಾ ಮಾಡ್ತಾ ಹನ್ನೆರಡು ಫೂಟು ಹಿಂದಕ್ಕ ಸರೀತೈತಿ, ಅಷ್ಟ!' ಮನೆ ಹಳೆಯದೆಂಬುದಕ್ಕೆ ಸಾಕ್ಷಿಯಾಗಿ ತಮ್ಮ ಮದುವೆ ಫೋಟೊ ಲಗತ್ತಿಸಿದರು. ಬಾಗಿಲ ಮುಂದೆ ಬಾಸಿಂಗ ಕಟ್ಟಿಕೊಂಡು ನಿಂತ ಗಂಡು-ಹೆಣ್ಣು. ಜೆರಾಕ್ಸಿನಲ್ಲಿ ಕಾಕುವಿನ ಮುಖ ಪೂರ್ತಿ ಮಸಿ; ಹಿಂದಿನ ಗೋಡೆ ಮಾತ್ರ ಕಲ್ಲು ಕಲ್ಲೂ ಎಣಿಸುವಂತೆ ಬಂದಿದೆ. ಗೋಡೆಯ ಸುತ್ತ ಕೆಂಪು ಪೆನ್ನಿನ ಗೆರೆ, ಕೆಳಗೆ ಗೆಜೆಟೆಡ್ ಅಧಿಕಾರಿಯ ಮೊಹರು. 'ನಮ್ಮ ಮದುವಿಗೆ ಗೌರ್ಮೆಂಟ್ ಸಾಕ್ಷಿ ಐತಿ' ಎಂದು ಕಾಕಾ ಬೀಗುತ್ತಾರೆ.

ಒಗ್ಗಾಣಿ-ಮಿರ್ಚಿ ಮುಂದಿಟ್ಟರೆ ಸಾಕು, ಸ್ಮಾರಕ ಸಂರಕ್ಷಣೆಯ 2010ರ ತಿದ್ದುಪಡಿ ಕಾಯ್ದೆ ಬಾಯಿಪಾಠವಾಗಿ ಹೊರಬರುತ್ತದೆ. 'ಇದ್ದ ಮನಿಗೆ ಅಡ್ಡಕ್ಕರ ಆಗ್ಲಿ, ಎತ್ತರಕ್ಕರ ಆಗ್ಲಿ, ಏನ್ ಜೋಡಿಸಿದ್ರೂ ಅದು ನಿರ್ಮಾಣ. ಆದ್ರ ಸಾರ್ವಜನಿಕ ಶೌಚಾಲಯ ಕಟ್ಟಿದ್ರ ಅದು ನಿರ್ಮಾಣ ಅಲ್ಲ. ಕಾಯ್ದೇದಾಗ ಬರದಾರ!'

'ಹಂಗಾರ ನಿಮ್ಮ ಬಚ್ಚಲಕ್ಕ ಸಾರ್ವಜನಿಕ ಅಂತ ಬೋರ್ಡ್ ಹಾಕ್ರಿ ಕಾಕಾ' ಎಂದ ಅಂಗಡಿಯ ಹುಡುಗ.

ಕಾಕಾ ನಗಲಿಲ್ಲ. 'ವಿಚಾರ ಮಾಡೀನಿ. ನಿಮ್ಮ ಕಾಕು ಒಪ್ಪವಲ್ಲಳು.'

ಎರಡನೇ ಶನಿವಾರ ಇಟ್ಟಿಗೆ ಇಳಿಸಿ, ಸೋಮವಾರ ಕಚೇರಿ ತೆಗೆಯುವುದರೊಳಗೆ ತಗಡು ಹೊದಿಸಿ ಮುಗಿಸುವವರನ್ನು ಕಂಡರೆ ಅವರಿಗೆ ತಾತ್ಸಾರ. 'ಎರಡು ವರ್ಷ ಜೈಲು, ಇಲ್ಲಾ ಒಂದು ಲಕ್ಷ ದಂಡ, ಇಲ್ಲಾ ಎರಡೂ. ಸೇತುವಿ ಕಟ್ಟಾಕ ಹೋಗಿದ್ದಕ್ಕ 1999ರಾಗ ಹಂಪೀನ್ನ ಯುನೆಸ್ಕೊದವ್ರು ಅಪಾಯದ ಪಟ್ಟಿಗೆ ಹಾಕಿದ್ರು. 2006ರ ತನಕ ತಗೀಲಿಲ್ಲ. ನಿನ್ನ ಸಂಡಾಸ ಕಂಡ್ರ ಬಿಡ್ತಾರೇನು?' ಪಾಯ ತೋಡುವವರಿಗೆ ಇನ್ನೊಂದು ಪಾಠ: ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು, ಅದಕ್ಕೂ ಕಾಯ್ದೆ ಇದೆ. ಕೇಳಿದವರು ಹಾರೆ ಕೆಳಗಿಡುತ್ತಾರೆ.

ಕಾಕಾನ ಕಾಗದದ ಹುಚ್ಚಿಗೆ ಕಾರಣವಿಲ್ಲದಿಲ್ಲ. 2011ರ ಜುಲೈನಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡವರ ಮೇಲೆ ಜೆಸಿಬಿ ಬಂದದ್ದನ್ನು ಅವರು ಮರೆತಿಲ್ಲ. 'ಅವತ್ತು ಕಾಗದ ಇದ್ದವ್ರೂ ಅತ್ರು, ಇಲ್ದವ್ರೂ ಅತ್ರು. ಕಾಗದ ಹಿಡಕೊಂಡು ಅಳೋದು ಚಲೋ' ಎನ್ನುತ್ತಾರೆ. ಆಮೇಲೆ ಎದ್ದು ಇನ್ನೊಂದು ಜೆರಾಕ್ಸ್ ಮಾಡಿಸುತ್ತಾರೆ.

ಹೀಗಿರುವಾಗ ಅಳೆಯುವವರು ಬಂದರು. ಕಾಕಾ ಇಷ್ಟು ವರ್ಷ ತಾವೇ ಅಂದಾಜಿಗೆ ಟೇಪು ಹಿಡಿದು ತಮ್ಮದು 96ನೇ ಮೀಟರ್ ಎಂದು ಸಾರಿಕೊಂಡಿದ್ದರು. ಸಂರಕ್ಷಿತ ಎಲ್ಲೆಯಿಂದ ಲೆಕ್ಕ ಹಾಕಿದಾಗ ಮನೆ 112ಕ್ಕೆ ಬಂತು. ಅಂದರೆ ನಿಯಂತ್ರಿತ, ಅನುಮತಿ ಕೇಳಿ ಕೋಣೆ ಕಟ್ಟಬಹುದು. ಓಣಿಯವರು ಸಕ್ಕರೆ ಹಂಚಿದರು. ಕಾಕಾ ಮಾತ್ರ ಭಡ್ತಿಯ ಹೊತ್ತಿಗೆ ಹುದ್ದೆ ಕಳೆದುಕೊಂಡವರ ಹಾಗೆ ಕಟ್ಟೆಯ ಮೇಲೆ ಕೂತರು. ನಿಷೇಧಿತದ ಹಿರಿಯರೆಂಬ ಗೌರವ ಹೋಯಿತು. ಮದುವೆ ಫೋಟೊ ದಂಡವಾಯಿತು. 'ಇನ್ನೊಮ್ಮೆ ಅಳೀರಿ' ಎಂದು ಅರ್ಜಿ ಬರೆಯಲು ಕೂತವರ ಕೈಯಿಂದ ಕಾಕು ಪೆನ್ನು ಕಸಿದುಕೊಂಡರು.

ಕೊನೆಗೂ ಅನುಮತಿ ಪತ್ರ ಬಂತು. ನೆಲಮಹಡಿಯಲ್ಲಿ ಒಂದು ಕೋಣೆ, ಬಚ್ಚಲು. ಎತ್ತರ ಇಷ್ಟೇ, ಮೇಲಿನ ನೀರಿನ ಟಾಕಿಯೂ ಆ ಲೆಕ್ಕದಲ್ಲೇ. ಕಾಕಾ ಪತ್ರವನ್ನು ಮೂರು ಸಲ ಓದಿದರು. ಮುಖದಲ್ಲಿ ಕಳೆ ಮರಳಿತು.

'ಇದು ಬರೇ ಅಡ್ಡಕ್ಕ ಆತು. ಎತ್ತರಕ್ಕ ಬ್ಯಾರೆ ಫೈಲ್ ಮಾಡಬೇಕಲ್ಲ! ಮೊಮ್ಮಗ ನಾಳೆ ಮದುವಿ ಆಗಂಗಿಲ್ಲೇನು?'

'ಹಂಗಾರ ಲಗೂ ಶುರು ಮಾಡ್ರಿ. ಅವಂಗಾಗ್ಲೆ ಮೂರು ತುಂಬ್ಯಾವ' ಎಂದರು ಕಾಕು. ಪತ್ರವನ್ನು ಇಸಿದುಕೊಂಡು ಗೌಂಡಿಗೆ ಫೋನ್ ಹಚ್ಚಿದರು. ಕಾಕಾ ಹೊಸ ಚೀಲ ತರಲು ಹೊಸಪೇಟೆ ಬಸ್ಸು ಹತ್ತಿದರು.